ಎಕ್ಸಲೇಟರ್ ಬಿಗಿಯಾದರೆ ಜೋರು ಮಾಡಬೇಡಿ, ಕಾರಣ ಹುಡುಕಿ

ಜುಲೈ ತಿಂಗಳು ಮುಗಿಯುತ್ತಾ ಬಂದರೆ ಉಳ್ಳಾಲ, ಬೆಂಗ್ರೆ ಕಡೆಯ ಮನೆಗಳಲ್ಲಿ ಒಂದೇ ಮಾತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯುತ್ತದೆ, ಬೋಟು ಕಡಲಿಗೆ ಇಳಿಯಬೇಕು. ಬಲೆ, ಪೈಂಟ್, ಐಸ್, ಡೀಸೆಲ್ ಎಲ್ಲದಕ್ಕೂ ಲೆಕ್ಕ ಇರುತ್ತದೆ. ಎಕ್ಸಲೇಟರ್ ಕೇಬಲ್‌ನ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ನಮಗೂ ಇರಲಿಲ್ಲ.

ನಮ್ಮದು ಅಣ್ಣ ತಮ್ಮಂದಿರು ಸೇರಿ ನಡೆಸುವ ಸಣ್ಣ ಡೀಸೆಲ್ ಬೋಟು. ಹೋದ ಸೀಸನ್ನಿನ ಕೊನೆಗೆ ಕ್ಯಾಬಿನ್ನಿನ ಎಕ್ಸಲೇಟರ್ ಲಿವರ್ ದಿನದಿಂದ ದಿನಕ್ಕೆ ಬಿಗಿಯಾಯಿತು. "ಉಪ್ಪು ನೀರಲ್ವಾ, ಹಾಗೇ ಇರ್ತದೆ" ಅಂತ ಬಿಟ್ಟೆವು. ಒಂದು ಸಂಜೆ ವಾಪಸ್ ಬರುವಾಗ ನೇತ್ರಾವತಿಯ ಅಳಿವೆ ಬಾಗಿಲಿನಲ್ಲಿ ತೆರೆ ಎದ್ದಿತ್ತು. ಅಲ್ಲಿ ತೆರೆ ನೋಡಿಕೊಂಡು ವೇಗ ಏರಿಸಬೇಕು, ಇಳಿಸಬೇಕು. ಏರಿಸಿದ್ದು ಏರಿತು. ಇಳಿಸಲು ಹೋದರೆ ಲಿವರ್ ಅಲುಗಲೇ ಇಲ್ಲ. ನದಿಯೊಳಗೆ ಬಂದ ಮೇಲೂ ಅದೇ ಓಟ, ಎದುರಿಗೆ ಸಾಲಾಗಿ ಕಟ್ಟಿದ ಬೋಟುಗಳು. ತಮ್ಮ ಎಂಜಿನ್ ರೂಮಿಗೆ ಇಳಿದು ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಕೈಯಲ್ಲೇ ಎಳೆದ. ಎಂಜಿನ್ ನಿಂತಿತು, ಲಂಗರು ಹಾಕಿದೆವು. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ.

ಮರುದಿನ ಬಂದ ಮೆಕ್ಯಾನಿಕ್ "ಕಂಟ್ರೋಲ್ ಬಾಕ್ಸೇ ಹೊಸದು ಹಾಕಬೇಕು" ಎಂದ. ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದಾಗ ನೆರೆಯ ಕಾಕ ಬಂದರು. ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಲ್ಲಿ ದುಡಿದವರು, ಹಾಯಿಯನ್ನೂ ಎಂಜಿನ್ನನ್ನೂ ಕಂಡವರು. "ಮೋನೆ, ದುಡ್ಡು ಕೊಡುವ ಮೊದಲು ಬಿಗಿ ಎಲ್ಲಿ ಉಂಟು ಅಂತ ನೋಡಿದ್ದೀರಾ? ಲಿವರಾ, ಕೇಬಲ್ಲಾ, ಎಂಜಿನ್ನಾ?" ಎಂದು ಕೇಳಿದರು. ನಾವು ನೋಡಿರಲಿಲ್ಲ.

ಬಿಡಿಸಿ ನೋಡುವ ಕ್ರಮ

ಕಾಕ ತೋರಿಸಿದ ಕ್ರಮ ಸುಲಭದ್ದು. ಎಂಜಿನ್ ಬಂದ್ ಆಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು, ಎಂಜಿನ್ ತಣ್ಣಗಾಗಿರಬೇಕು.

ಮೊದಲು ಎಂಜಿನ್ ಕಡೆಯ ತುದಿಯಲ್ಲಿ ಕೇಬಲ್ ಬಿಚ್ಚಿ. ಪಂಪಿನ ಮೇಲಿನ ಎಕ್ಸಲೇಟರ್ ಲಿವರನ್ನು ಬೆರಳಲ್ಲಿ ತಳ್ಳಿ ನೋಡಿ. ಹಗುರವಾಗಿ ಹೋಗಿ, ಬಿಟ್ಟ ಕೂಡಲೇ ವಾಪಸ್ ಬಂದರೆ ಎಂಜಿನ್ ಕಡೆ ತೊಂದರೆ ಇಲ್ಲ. ಅಲ್ಲೇ ಬಿಗಿ ಇದ್ದರೆ ತುಕ್ಕು ತೆಗೆದು, ತಿರುಗುವ ಜಾಗಕ್ಕೆ ಎಣ್ಣೆ ಬಿಡಿ. ಆದರೂ ಸಡಿಲ ಆಗದಿದ್ದರೆ ಪಂಪಿನ ಒಳಗಿನ ಕೆಲಸ. ಅದು ಪಂಪ್ ರಿಪೇರಿಯವರಿಗೇ ಬಿಡಿ.

ಎರಡನೆಯದಾಗಿ, ಕೇಬಲನ್ನು ಕ್ಯಾಬಿನ್ ಕಡೆಯಲ್ಲೂ ಬಿಚ್ಚಿ ಲಿವರ್ ಮಾತ್ರ ಆಡಿಸಿ. ಎಂಜಿನ್ನಿನ ನಡುಕಕ್ಕೆ ಲಿವರ್ ತನ್ನಷ್ಟಕ್ಕೆ ಜಾರದಂತೆ ಹಿಡಿಯಲು ಹಲವು ಕಂಟ್ರೋಲ್ ಬಾಕ್ಸ್‌ಗಳಲ್ಲಿ ಒಂದು ಸ್ಕ್ರೂ ಇರುತ್ತದೆ. ಅದನ್ನು ಯಾರಾದರೂ ಜಾಸ್ತಿ ಟೈಟ್ ಮಾಡಿದ್ದರೂ ಲಿವರ್ ಬಿಗಿಯಾಗುತ್ತದೆ. ಸ್ವಲ್ಪ ಸಡಿಲ ಮಾಡಿದರೆ ಆಯಿತು, ಒಂದು ರೂಪಾಯಿ ಖರ್ಚಿಲ್ಲ.

ಕೊನೆಗೆ ಎರಡೂ ತುದಿ ಬಿಚ್ಚಿದ ಕೇಬಲ್‌ನ ಒಳಗಿನ ತಂತಿಯನ್ನು ಹಿಂದೆ ಮುಂದೆ ಎಳೆಯಿರಿ. ಸಲೀಸಾಗಿ ಓಡಬೇಕು.

ನಮ್ಮದರಲ್ಲಿ ಲಿವರೂ ಸರಿ, ಪಂಪೂ ಸರಿ. ಕೇಬಲ್ ಮಾತ್ರ ಕಲ್ಲು. ಹಿಂದಿನ ವರ್ಷ ಬ್ಯಾಟರಿಯನ್ನು ಬೇರೆ ಕಡೆ ಇಟ್ಟವರು ನಾವೇ. ಅದು ಕೇಬಲನ್ನು ಒತ್ತಿ, ಕಡಿದಾಗಿ ಬಗ್ಗಿಸಿತ್ತು. ಬಗ್ಗಿದಲ್ಲಿ ಹೊರಗಿನ ಪ್ಲಾಸ್ಟಿಕ್ ಒಡೆದು, ನೀರು ಹೋಗಿ, ಒಳಗಿನ ತಂತಿ ತುಕ್ಕು ಹಿಡಿದಿತ್ತು.

ಎಣ್ಣೆ ಹೊಯ್ದರೆ ಸಾಲದಾ?

ನಾವೂ ಅದನ್ನೇ ಕೇಳಿದೆವು. ಈ ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇರುತ್ತದೆ, ಎಣ್ಣೆ ಬಿಟ್ಟು ಓಡಿಸುವ ಹಾಗೆ ಮಾಡಿದ್ದಲ್ಲ. ತುಕ್ಕು ಹಿಡಿದದ್ದು ಎಣ್ಣೆಗೆ ನಾಲ್ಕು ದಿನ ಸಡಿಲ ಆದೀತು. ಮತ್ತೆ ನಡುಗಡಲಲ್ಲಿ ಹಿಡಿದುಕೊಂಡರೆ ಏನು ಮಾಡುವುದು? ಬದಲಾಯಿಸುವುದೇ ದಾರಿ.

ಹೊಸದು ತರುವಾಗ ಹಳೆಯದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಉದ್ದವೂ ತುದಿಯ ನಮೂನೆಯೂ ಅದೇ ಇರಬೇಕು. ಗಿಡ್ಡವಾದರೆ ಎಳೆದು ಬಗ್ಗಿಸಬೇಕಾಗುತ್ತದೆ, ಉದ್ದವಾದರೆ ಸುರುಳಿ ಬೀಳುತ್ತದೆ. ಹೊಸ ಕೇಬಲ್ ಬಿಸಿ ಸೈಲೆನ್ಸರ್ ಪೈಪಿಗೆ ತಾಗಬಾರದು. ಸಾಧಾರಣ ಕೇಬಲ್ ಆದರೆ ತಿರುವು 8 ಇಂಚು ತ್ರಿಜ್ಯಕ್ಕಿಂತ ಕಿರಿದಾಗಬಾರದು. ಜೋಡಿಸಿದ ಮೇಲೆ ಲಿವರ್ ಪೂರ್ತಿ ತಳ್ಳಿದಾಗ ಪಂಪ್ ಪೂರ್ತಿ ತೆರೆಯುತ್ತದಾ, ಪೂರ್ತಿ ಎಳೆದಾಗ ಸ್ಲೋಗೆ ಬರುತ್ತದಾ ಎಂದು ದಡದಲ್ಲೇ ನೋಡಿ.

ಕೇಬಲ್ ಬದಲಾದ ಮೇಲೆ ನಮ್ಮ ಲಿವರ್ ಎರಡು ಬೆರಳಿಗೆ ಓಡಿತು. ಹಳೆಯ ಕಂಟ್ರೋಲ್ ಬಾಕ್ಸ್ ಈಗಲೂ ಅದೇ ಜಾಗದಲ್ಲಿ ಉಂಟು.

ಇನ್ನೊಂದು ಮಾತು. ಅವತ್ತು ನಮ್ಮನ್ನು ಉಳಿಸಿದ್ದು ತಮ್ಮನಿಗೆ ಸ್ಟಾಪ್ ಲಿವರ್ ಎಲ್ಲಿದೆ ಎಂದು ಗೊತ್ತಿದ್ದದ್ದು. ಇಂಥ ಹಳೆಯ ಡೀಸೆಲ್ ಎಂಜಿನ್ ಬರೀ ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ಬೋಟು ಹತ್ತುವ ಪ್ರತಿಯೊಬ್ಬನಿಗೂ, ನಿನ್ನೆ ಸೇರಿದ ಹುಡುಗನಿಗೂ, ಅದನ್ನು ಕೈ ಹಿಡಿದು ತೋರಿಸಿ. ಮನೆಯಲ್ಲಿ ಕಾಯುವ ಉಮ್ಮಂದಿರೂ ಮಕ್ಕಳು ಹೊರಡುವ ಮೊದಲು ಒಂದು ಮಾತು ಕೇಳಿಬಿಡಿ: "ಎಕ್ಸಲೇಟರ್ ಸಲೀಸು ಉಂಟಾ?"