ಫುಲ್ ಕಡ್ಡಿ ನೋಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ

ಹನ್ನೊಂದು ಇಂಚಿನ ಅಗ್ಗದ ಲ್ಯಾಪ್‌ಟಾಪ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಪ್ರೊಸೆಸರ್ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ, ರ‍್ಯಾಮ್ ಬಗ್ಗೆ ಚೌಕಾಸಿ ಮಾಡುತ್ತಾರೆ. ವೈಫೈ ಎಷ್ಟು ದೂರ ಎಳೆಯುತ್ತದೆ ಎಂಬ ಮಾತು ಬಂದಾಗ ಮಾತ್ರ ಪರದೆಯ ಮೂಲೆಯ ಗುರುತಿನತ್ತ ಕಣ್ಣು ಹಾಯಿಸಿ, "ಫುಲ್ ಕಡ್ಡಿ ಇದೆಯಲ್ಲ" ಎಂದು ಸಮಾಧಾನಪಟ್ಟು ದುಡ್ಡು ಎಣಿಸುತ್ತಾರೆ. ಈ ಒಂದು ನಂಬಿಕೆಯಿಂದ ಆದಷ್ಟು ಹಾನಿ ಬೇರೆ ಯಾವುದರಿಂದಲೂ ಆಗಿಲ್ಲ. ಅದೇ ಯಂತ್ರ ದಕ್ಷಿಣ ಕನ್ನಡದ ಮುರಕಲ್ಲಿನ ಮನೆಗೆ ಬಂದು, ಚಾವಡಿಯಲ್ಲಿ ರೂಟರ್ ಇದ್ದು, ಒಳಕೋಣೆಯಲ್ಲಿ ಮಕ್ಕಳು ಪಾಠ ಕೇಳಲು ಕುಳಿತಾಗ ಅದರ ನಿಜ ಬಣ್ಣ ಬಯಲಾಗುತ್ತದೆ.

ಅಂಗಡಿಯ ಕಡ್ಡಿ ಏನನ್ನೂ ಹೇಳುವುದಿಲ್ಲ. ಕಾರಣ ಸರಳ. ವಿಂಡೋಸ್‌ನಲ್ಲಿ ಸಿಗ್ನಲ್ ಗುಣಮಟ್ಟವನ್ನು ಸೊನ್ನೆಯಿಂದ ನೂರರವರೆಗೆ ಅಳೆಯುತ್ತಾರೆ. ಸಿಗ್ನಲ್ ಬಲ ಮೈನಸ್ 100 ಡಿಬಿಎಂ ಎಂದರೆ ಸೊನ್ನೆ, ಮೈನಸ್ 50 ಎಂದರೆ ನೂರು. ಅದಕ್ಕಿಂತ ಮೇಲೆ ಸಿಗ್ನಲ್ ಎಷ್ಟೇ ಜೋರಾಗಿದ್ದರೂ ನೂರೇ. ಅಂಗಡಿಯ ರೂಟರ್ ಸಾಮಾನ್ಯವಾಗಿ ತಲೆಯ ಮೇಲೇ ಇರುತ್ತದೆ. ಅಲ್ಲಿ ಒಳ್ಳೆಯ ಆಂಟೆನಾದ ಯಂತ್ರಕ್ಕೆ ಮೈನಸ್ 40 ಸಿಕ್ಕಿತು, ಕಳಪೆ ಆಂಟೆನಾದ್ದಕ್ಕೆ ಮೈನಸ್ 46 ಸಿಕ್ಕಿತು ಎಂದುಕೊಳ್ಳಿ. ಎರಡರಲ್ಲೂ ಕಡ್ಡಿ ಫುಲ್. ಆದರೆ ಆ 6 ಡೆಸಿಬೆಲ್ ಅಂತರವೆಂದರೆ ಬಯಲಿನಲ್ಲಿ ಅರ್ಧಕ್ಕೆ ಅರ್ಧ ದೂರ! ಒಂದು ನಲವತ್ತು ಮೀಟರ್‌ವರೆಗೆ ಕೆಲಸ ಮಾಡಿದರೆ ಇನ್ನೊಂದು ಇಪ್ಪತ್ತಕ್ಕೇ ಕೈಚೆಲ್ಲುತ್ತದೆ. ನಡುವೆ ಗೋಡೆ ಬಂದರಂತೂ ಆ ಆರು ಡೆಸಿಬೆಲ್ಲೇ ಒಂದು ಕೋಣೆಯ ವ್ಯತ್ಯಾಸವಾಗಬಹುದು. ಇದು ಅಂಗಡಿಯಲ್ಲಿ ಕಾಣುವುದೇ ಇಲ್ಲ. ಇನ್ನು ಮೂರು ಕಡ್ಡಿ, ನಾಲ್ಕು ಕಡ್ಡಿ ಎಂದು ತೋರಿಸುವುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆಯೂ ಇಲ್ಲ. ಫೋನಿನ ಮೂರು ಕಡ್ಡಿಯನ್ನು ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪಕ್ಕಕ್ಕಿಟ್ಟು ಹೋಲಿಸುವವರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನೂ ದೊಡ್ಡ ದೋಷವೊಂದಿದೆ. ಕಡ್ಡಿ ತೋರಿಸುವುದು ರೂಟರ್‌ನ ದನಿ ಲ್ಯಾಪ್‌ಟಾಪಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನಷ್ಟೇ. ಲ್ಯಾಪ್‌ಟಾಪಿನ ದನಿ ರೂಟರ್‌ಗೆ ಮುಟ್ಟುತ್ತಿದೆಯೇ ಎಂಬುದನ್ನು ಅದು ಹೇಳಲಾರದು. ಬ್ಯಾಟರಿ ಉಳಿಸಬೇಕಾದ ಸಣ್ಣ ಯಂತ್ರ ಸಾಮಾನ್ಯವಾಗಿ ರೂಟರ್‌ಗಿಂತ ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ, ವೈಫೈಯಲ್ಲಿ ತನಗೆಂದೇ ಬಂದ ಪ್ರತಿ ಮಾಹಿತಿ ಪೊಟ್ಟಣಕ್ಕೂ "ತಲುಪಿತು" ಎಂಬ ಮರುತ್ತರ ಹೋಗಲೇಬೇಕು. ಅದು ಹೋಗದಿದ್ದರೆ ಮೂರು ಕಡ್ಡಿ ಕಾಣುತ್ತಲೇ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಜನ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತಾರೆ.

ದೂರವನ್ನು ನಿಜವಾಗಿ ನಿರ್ಧರಿಸುವುದು ಸಾಮಾನ್ಯವಾಗಿ ಪರದೆಯ ಅಂಚಿನೊಳಗೆ ಅಡಗಿರುವ ಆಂಟೆನಾ. ಬೆಲೆ ಇಳಿಸುವಾಗ ಕತ್ತರಿ ಬೀಳುವ ಜಾಗಗಳಲ್ಲಿ ಅದೂ ಒಂದು: ಎರಡರ ಬದಲು ಒಂದೇ ಆಂಟೆನಾ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರ್. ಗೋಡೆಗೆ ಬಡಿದು ಮರಳುವ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಜಾಗಗಳು ಕೋಣೆಯ ತುಂಬ ಇರುತ್ತವೆ. ಎರಡು ಆಂಟೆನಾ ಇದ್ದರೆ ಒಂದು ಅಂಥ ಜಾಗದಲ್ಲಿ ಸಿಕ್ಕಿಬಿದ್ದರೂ ಇನ್ನೊಂದು ಕೈಹಿಡಿಯುತ್ತದೆ. ಒಂದೇ ಇದ್ದರೆ ಲ್ಯಾಪ್‌ಟಾಪನ್ನು ಗೇಣು ದೂರ ಸರಿಸಿ ಕೂರಬೇಕು. ಪೆಟ್ಟಿಗೆಯ ಮೇಲೆ ಆಂಟೆನಾ ಎಷ್ಟೆಂದು ಬರೆದಿರದಿದ್ದರೂ ಗೊತ್ತುಮಾಡಿಕೊಳ್ಳಬಹುದು. ಎರಡು ಆಂಟೆನಾದ ವೈಫೈ 5 ರೂಟರ್‌ಗೆ, 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಹತ್ತಿರ ಕುಳಿತು ಜೋಡಿಸಿ, ವೈಫೈ ವಿವರಗಳಲ್ಲಿ ಲಿಂಕ್ ಸ್ಪೀಡ್ ನೋಡಿ. 433ಕ್ಕಿಂತ ಮೇಲೇರದೇ ನಿಂತರೆ ಆಂಟೆನಾ ಒಂದೇ, 866 ಬಂದರೆ ಎರಡು.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ವೈಫೈ 6 ಎಂಬ ಚೀಟಿ ಇದ್ದ ಮಾತ್ರಕ್ಕೆ ದೂರ ಹೆಚ್ಚುವುದಿಲ್ಲ. ಪೆಟ್ಟಿಗೆಯ ಮೇಲಿನ 1200 ಎಂಬ ಅಂಕಿ ಹತ್ತಿರದ ವೇಗದ್ದು. ಲೋಹದ ಮೈ ಗಟ್ಟಿ, ಹಾಗಾಗಿ ಸಿಗ್ನಲ್ಲೂ ಗಟ್ಟಿ ಎಂಬುದು ತಲೆಕೆಳಗಾದ ಮಾತು: ರೇಡಿಯೊ ಅಲೆ ಲೋಹವನ್ನು ದಾಟದು, ಅದಕ್ಕೇ ಲೋಹದ ಯಂತ್ರಗಳಲ್ಲೂ ಆಂಟೆನಾದ ಎದುರು ಪ್ಲಾಸ್ಟಿಕ್ ಪಟ್ಟಿ ಬಿಟ್ಟಿರುತ್ತಾರೆ. 5 ಗಿಗಾಹರ್ಟ್ಸ್ ದೊಡ್ಡ ಸಂಖ್ಯೆಯಾದ್ದರಿಂದ ದೂರ ಹೋಗುತ್ತದೆ ಎಂದುಕೊಂಡವರೂ ಇದ್ದಾರೆ; ಗೋಡೆ ದಾಟುವುದರಲ್ಲಿ 2.4ರದ್ದೇ ಮೇಲುಗೈ. ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್ ಅಂಟಿಸಿಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟೇ: ಅದು ಬರೀ ಸ್ಟಿಕ್ಕರ್.

ನನಗೆ ಸಂಕಟವಾಗುವುದು ತಾಂತ್ರಿಕ ವಿವರ ಗೊತ್ತಿಲ್ಲದ್ದಕ್ಕಲ್ಲ. ಕಾಲು ಕೆಜಿ ಬೆಂಡೆಕಾಯಿಗೆ ತುದಿ ಮುರಿದು ನೋಡುವ ನಾವು, ಒಂದು ತಿಂಗಳ ಸಂಬಳ ಸುರಿಯುವಾಗ ಎದ್ದು ನಿಂತು ಹತ್ತು ಹೆಜ್ಜೆ ನಡೆಯುವುದಿಲ್ಲ. ಹೊಳೆಯುವ ಗುರುತಿಗೆ, ದೊಡ್ಡ ಅಂಕಿಗೆ, ಧೈರ್ಯವಾಗಿ ಆಡಿದ ಮಾತಿಗೆ ಶರಣಾಗುತ್ತೇವೆ. ಮನೆಯ ನೀರು ಶುದ್ಧ ಮಾಡುವ ಯಂತ್ರದಿಂದ ಹಿಡಿದು ಕರೆಂಟ್ ಬಿಲ್ ಇಳಿಸುತ್ತದೆಂದು ಮಾರುವ ಡಬ್ಬಿಯವರೆಗೆ ಇದೇ ಕತೆ. ಅಳೆದು ನೋಡಲು ಬರುವ ಸಂಗತಿಯನ್ನೂ ನಂಬಿ ಕೂರುವ ಈ ಅಭ್ಯಾಸದಿಂದ ಹೆಚ್ಚು ಪೆಟ್ಟು ತಿನ್ನುವುದು ಅಗ್ಗದ ಯಂತ್ರವಷ್ಟೇ ಕೈಗೆಟಕುವ ಮನೆಗಳು.

ಅಳೆಯುವುದು ಕಷ್ಟವಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟನ್ನು 2.4ರಲ್ಲಿ ಹಾಕಿ, ಜೊತೆಗೆ ಬಂದವರ ಕೈಗೆ ಕೊಟ್ಟು ಮೆಟ್ಟಿಲ ಕೆಳಗೋ ಎರಡು ಗೋಡೆಯಾಚೆಗೋ ಕಳಿಸಿ. ಕೊಳ್ಳಬೇಕೆಂದಿರುವ ಎರಡು ಯಂತ್ರಗಳನ್ನು ಒಂದೇ ಮೇಜಿನ ಮೇಲೆ, ಒಂದಾದ ಮೇಲೊಂದರಂತೆ ಒಂದೇ ಜಾಗದಲ್ಲಿಟ್ಟು ಲಿಂಕ್ ಸ್ಪೀಡ್ ನೋಡಿ. ಬರುವ ವೇಗ, ಹೋಗುವ ವೇಗ ಎರಡನ್ನೂ ಬರೆದುಕೊಳ್ಳಿ. ಯಂತ್ರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಮತ್ತೆ ನೋಡಿ. ಕೊನೆಗೆ ಒಂದು ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿ ಏನಾದರೂ ಕಾಪಿ ಮಾಡುತ್ತಾ ಇನ್ನೊಮ್ಮೆ ಅಳೆಯಿರಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ, ಮೈ ಚಿಕ್ಕದಾದಷ್ಟೂ ಆಂಟೆನಾ ಆ ಗದ್ದಲಕ್ಕೆ ಹತ್ತಿರವಿರುತ್ತದೆ. ಇಷ್ಟಕ್ಕೆ ಅಂಗಡಿಯವರು ಒಪ್ಪದಿದ್ದರೆ ಅದೇ ರಸ್ತೆಯಲ್ಲಿ ಬೇರೆ ಅಂಗಡಿಗಳಿವೆ.