ಅರಕು ಕಾಫಿ, ಲಂಬಸಿಂಗಿ ಚಳಿ

ವಿಶಾಖಪಟ್ಟಣ: ಎರಡನೇ ಶನಿವಾರ, ಭಾನುವಾರ ಒಟ್ಟಿಗೆ ರಜೆ ಬಂದಾಗಲೆಲ್ಲ ಇಲ್ಲಿನ ಕನ್ನಡಿಗರಿಗೆ ಮಡಿಕೇರಿ, ಚಿಕ್ಕಮಗಳೂರಿನ ನೆನಪು. ಎರಡು ದಿನದಲ್ಲಿ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಆದರೆ ಕಾಫಿ ತೋಟ, ಮೆಣಸಿನ ಬಳ್ಳಿ, ಬೆಳಗಿನ ಮಂಜು ಬೇಕಿದ್ದರೆ ಸುಮಾರು 115 ಕಿ.ಮೀ. ದೂರದ ಅರಕು ಕಣಿವೆ ಇದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳ ಜೊತೆಯಲ್ಲೇ ಅರಕು ಕಾಫಿಗೂ ಜಿ.ಐ. ಮಾನ್ಯತೆ ದೊರೆಯಿತು. ಒಂದು ಲೆಕ್ಕದಲ್ಲಿ ನೆಂಟರ ಮನೆಯೇ!

ಕಿರಂಡೂಲ್ ಪ್ಯಾಸೆಂಜರ್ ರೈಲು ಹತ್ತಿದರೆ ದಾರಿಯುದ್ದಕ್ಕೂ ಸುರಂಗಗಳು, ನಡುವೆ ಬೊರ್ರಾ ಗುಹೆಗಳು. ಟೆಂಟಿನಲ್ಲಿ ರಾತ್ರಿ ಕಳೆಯಲು ಮಾತ್ರ ಚಿಂತಪಲ್ಲಿ ಬಳಿಯ ಲಂಬಸಿಂಗಿ, ಪಾಡೇರು ಬಳಿಯ ವಂಜಂಗಿ ಮೇಲು. ಡಿಸೆಂಬರ್-ಜನವರಿಯಲ್ಲಿ ಲಂಬಸಿಂಗಿಯ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿದದ್ದೂ ಉಂಟು. ಮಕ್ಕಳಿಗೆ ಸ್ವೆಟರ್, ಮಂಕಿಕ್ಯಾಪ್ ಮರೆಯಬಾರದು. ವಂಜಂಗಿಯಲ್ಲಿ ಬೆಳಕು ಹರಿಯುವ ಮೊದಲೇ ಬೆಟ್ಟ ಹತ್ತಿದವರಿಗೆ ಕಾಲಕೆಳಗೆ ಮೋಡ, ಅದರಾಚೆ ಸೂರ್ಯೋದಯ. ಇವು ಗಿರಿಜನರ ಊರುಗಳು. ಅನುಮತಿ ಇರುವ ಜಾಗದಲ್ಲೇ ಟೆಂಟ್ ಹಾಕಿ, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿಗಳನ್ನು ವಾಪಸು ತರಬೇಕು.

ವಿಜಯವಾಡದವರಿಗೆ ಹತ್ತಿರದ್ದು ಪ್ರಕಾಶಂ ಬ್ಯಾರೇಜಿನ ಮೇಲ್ಭಾಗದಲ್ಲಿರುವ ಭವಾನಿ ದ್ವೀಪ. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಅದೇ ಕೃಷ್ಣೆಯ ನಡುವೆ ದೋಣಿಯಲ್ಲಿ ಹೋಗಿ ಬುತ್ತಿ ಬಿಚ್ಚಲು ಸೊಗಸಾದ ತಾಣ. ಆದರೆ ಮಳೆಗಾಲದಲ್ಲಿ ಅಲ್ಲಿ ರಾತ್ರಿ ತಂಗುವ ಆಸೆ ಬೇಡವೇ ಬೇಡ. 2024ರ ಸೆಪ್ಟೆಂಬರ್ ಮೊದಲ ವಾರ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದು, ದ್ವೀಪ ಜಲಾವೃತವಾಗಿತ್ತು. ಅದಕ್ಕಿಂತ ಚಳಿಗಾಲದ ಶುಕ್ರವಾರ ರಾತ್ರಿಯ ರೈಲು ಹಿಡಿದು ವಿಶಾಖಪಟ್ಟಣಕ್ಕೆ ಬಂದರೆ, ಎರಡೂ ಊರಿನ ಕನ್ನಡಿಗರು ಒಟ್ಟಿಗೆ ಬೆಟ್ಟ ಹತ್ತಬಹುದು.