ಕಾದಂಬರಿಯಲ್ಲಿ ಇಲ್ಲದ ಮಗು

ಜಮೀನು ಹುಡುಕಿ ಅಮೆರಿಕದ ಪಶ್ಚಿಮಕ್ಕೆ ಗಾಡಿ ಕಟ್ಟಿದವರ ಕಥೆಗಳಲ್ಲಿ ಕೊಡಲಿ, ಬಂದೂಕು ಹಿಡಿದ ಗಂಡಸರೇ ಹೆಚ್ಚು. ಅವರ ಜೊತೆ ಹೋದ ಹೆಂಗಸರ ಕಥೆ ಏನು? ಕ್ಯಾರೊಲಿನ್ ಇಂಗಲ್ಸ್ ಅಂಥ ಒಬ್ಬಾಕೆ. ಹುಟ್ಟಿದ್ದು 1839ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಐದನೇ ವಯಸ್ಸಿಗೇ ತಂದೆಯನ್ನು ಕಳೆದುಕೊಂಡಳು. ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳಿದಳು. ಆಮೇಲೆ ಗಂಡ ಚಾರ್ಲ್ಸ್ ಜೊತೆ ಕನ್ಸಾಸ್, ಮಿನ್ನೆಸೋಟ, ಅಯೋವಾ, ಡಕೋಟಾ ಎಂದು ಊರೂರು ಅಲೆದಳು.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ವಾಸವಿದ್ದು ಉಳುಮೆ ಮಾಡಿದರೆ 160 ಎಕರೆ ಸಿಗುತ್ತಿತ್ತು. ಅವಿವಾಹಿತೆ, ವಿಧವೆಯರೂ ಅರ್ಜಿ ಹಾಕಬಹುದಿತ್ತು. ಆದರೆ ಸಂಸಾರಸ್ಥೆಯರು ದುಡಿದ ನೆಲ ಸಾಮಾನ್ಯವಾಗಿ ಗಂಡನ ಹೆಸರಿಗೇ. ಡಕೋಟಾದ ಜಮೀನಿಗೆ ಅರ್ಜಿ ಹಾಕಿದ್ದೂ ಚಾರ್ಲ್ಸ್.

ಕ್ಯಾರೊಲಿನ್ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಮಗಳು ಲಾರಾ ಇಂಗಲ್ಸ್ ವೈಲ್ಡರ್ 1932ರಿಂದ ಬರೆದ 'ಲಿಟಲ್ ಹೌಸ್' ಕಾದಂಬರಿಗಳಿಂದ. ಅಲ್ಲಿನ ಅಮ್ಮ ಸದಾ ಶಾಂತ. ಆದರೆ 1875ರಲ್ಲಿ ಹುಟ್ಟಿ ಒಂಬತ್ತೇ ತಿಂಗಳಿಗೆ ತೀರಿಕೊಂಡ ಗಂಡುಮಗು ಫ್ರೆಡ್ಡಿ ಅವುಗಳಲ್ಲಿ ಇಲ್ಲ. ಕಾದಂಬರಿಗಿಂತ ಮೊದಲೇ ಲಾರಾ ಬರೆದಿದ್ದ ಆತ್ಮಕಥೆಯಲ್ಲಿ ಆ ಮಗು ಇತ್ತು. ಅದು ಪುಸ್ತಕವಾದದ್ದು 2014ರಲ್ಲಿ! ಅದನ್ನು ಓದಿದರೆ ಆ ಶಾಂತ ಅಮ್ಮನೇ ಬೇರೆಯಾಗಿ ಕಾಣುತ್ತಾಳೆ.

ನಮ್ಮಲ್ಲಿ ಎಷ್ಟು ಜನಕ್ಕೆ ಮುತ್ತಜ್ಜಿಯ ಹೆಸರು ಗೊತ್ತು? ಪಹಣಿಯಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಈ ಭಾನುವಾರವೇ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಮಾತನ್ನು ಅಜ್ಜಿ ಬೇಗ ದಾಟಿಸಿಬಿಡುತ್ತಾರೋ, ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕಾಯಿರಿ.